ಅಡಿಗೆಮನೆಯ ಕಲ್ಲಿಗೆ ತೆಂಗಿನೆಣ್ಣೆಯೋ, ಸೀಲರೋ?

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಅಡಿಗೆಗೆ ಎರಡು ಕಟ್ಟೆಗಳಿವೆ. ಒಳಗೆ ಎರಡು ವರ್ಷದ ಹಿಂದೆ ಹಾಕಿಸಿದ ತಿಳಿ ಬಣ್ಣದ ಗ್ರಾನೈಟ್. ಹಿಂದಿನ ವರ್ಕ್ ಏರಿಯಾದಲ್ಲಿ ಹಳೆಯ ಕಪ್ಪು ಕಡಪ ಕಲ್ಲು. ಗ್ರಾನೈಟ್ ಕೂರಿಸಿ ತಿಂಗಳಾಗಿತ್ತಷ್ಟೆ, ಎಣ್ಣೆ ಡಬ್ಬಿ ಇಡುವ ಜಾಗದಲ್ಲಿ ಕಪ್ಪಗೆ ಒಂದು ಉಂಗುರ ಮೂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ನನಗೆ ಅಳುವೇ ಬಂದಿತ್ತು.

ಏನು ಮಾಡುವುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. "ತೆಂಗಿನೆಣ್ಣೆ ಉದ್ದಿ ನೋಡು, ಹೊಳಪು ಬರ್ತದೆ" ಅಂದರು ಅತ್ತೆ. ಕಲ್ಲು ಕೂರಿಸಿದ ಮೇಸ್ತ್ರಿ ಸೀಲರ್, ಅಂದರೆ ಕಲೆ ಕಲ್ಲಿನೊಳಗೆ ಇಳಿಯದಂತೆ ತಡೆಯುವ ದ್ರವ, ಹಚ್ಚಿ ಅಂದರು. ತಮ್ಮ ಮಾತ್ರ, "ಏನೂ ಬೇಡ ಅಕ್ಕ, ಸೋಪು ನೀರು ಸಾಕು" ಅಂದ.

ಸಿಂಕಿಗಾಗಿ ಕತ್ತರಿಸಿ ತೆಗೆದ ಗ್ರಾನೈಟ್ ತುಂಡು ಹಿತ್ತಿಲಲ್ಲಿ ಬಿದ್ದಿತ್ತು. ಅದನ್ನು ತೊಳೆದು ಎರಡು ದಿನ ಒಣಗಿಸಿ, ಟೇಪ್ ಅಂಟಿಸಿ ಮೂರು ಪಾಲು ಮಾಡಿದೆ. ಒಂದು ಪಾಲನ್ನು ಹಾಗೇ ಬಿಟ್ಟೆ. ಒಂದಕ್ಕೆ ತೆಂಗಿನೆಣ್ಣೆ ತೆಳ್ಳಗೆ ಉಜ್ಜಿದೆ. ಮೂರನೆಯದಕ್ಕೆ ಸೀಲರ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿದೆ. ಈ ಒರೆಸುವ ಕೆಲಸ ಸರಿಯಾಗಿ ಆಗಬೇಕು. ಒಂದು ಮೂಲೆ ನನ್ನ ಕಣ್ಣು ತಪ್ಪಿತು, ಅಲ್ಲಿ ಸೀಲರ್ ಮೇಲೆಯೇ ಒಣಗಿ ಮಂಜು ಹಿಡಿದ ಹಾಗೆ ಕಂಡಿತು. ಆಮೇಲೆ ಒಂದು ದಿನ ನೀರು ತಾಗಿಸಲಿಲ್ಲ.

ಮೂರರ ಮೇಲೂ ನೀರಿನ ಹನಿ ಬಿಟ್ಟೆ. ಏನೂ ಹಚ್ಚದ ಕಲ್ಲು ಐದು ನಿಮಿಷದಲ್ಲೇ ನೀರು ಕುಡಿದು ಕಪ್ಪಾಯಿತು. ಎಣ್ಣೆಯ ಪಾಲಿನಲ್ಲೂ ಸೀಲರ್ ಪಾಲಿನಲ್ಲೂ ಹನಿ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಂತಿತು. ನೋಡಲಿಕ್ಕೆ ಎಣ್ಣೆಯದೇ ಚಂದ. ಅತ್ತೆ ಗೆದ್ದರು ಅಂತಲೇ ಅಂದುಕೊಂಡೆ.

ಎರಡು ವಾರ ಅದರ ಮೇಲೆಯೇ ಕಾಯಿ ತುರಿದೆ, ತರಕಾರಿ ಹೆಚ್ಚಿದೆ. ಎಣ್ಣೆಯ ಪಾಲು ಅಂಟಂಟಾಯಿತು. ಕೈಯಿಟ್ಟರೆ ಬೆರಳಿಗೆ ಜಿಡ್ಡು, ಅದಕ್ಕೆ ಧೂಳು, ಅದಕ್ಕೆ ಇರುವೆ. ಸೋಪು ಹಾಕಿ ತೊಳೆದಲ್ಲಿ ಹೊಳಪು ಹೋಗಿ, ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿಯಾಗಿ ಕಲೆ ಕಲೆಯಾಯಿತು. ನಮ್ಮ ಎಣ್ಣೆ ಡಬ್ಬಿ ಮಾಡಿದ್ದೂ ಅದನ್ನೇ ಅಲ್ವಾ? ಕಲ್ಲಿನೊಳಗೆ ಇಳಿದ ಎಣ್ಣೆಯೇ ಆ ಕಪ್ಪು ಉಂಗುರ. ಸೀಲರ್ ಪಾಲು ಮೊದಲ ದಿನದ ಹಾಗೇ ಇತ್ತು. ಎಣ್ಣೆಯಲ್ಲಿ ಕಲಸಿದ ಅರಸಿನವನ್ನು ಒಂದು ಗಂಟೆ ಬಿಟ್ಟು ಒರೆಸಿದರೆ ಅಲ್ಲಿ ಬರೀ ನಸು ಹಳದಿ ಉಳಿಯಿತು, ಬಿಸಿಲಿಗಿಟ್ಟಾಗ ಅದೂ ಮಾಸಿತು. ತಿಳಿ ಗ್ರಾನೈಟಿಗೆ ಸೀಲರೇ ಸರಿ, ನನಗೆ ಅನುಮಾನವಿಲ್ಲ. ತಮ್ಮನ ಮಾತೂ ಸುಳ್ಳಲ್ಲ. ಅವನ ಮನೆಯದು ಕಪ್ಪು ಗ್ರಾನೈಟ್. ಅದರ ಮೇಲೆ ಹನಿ ಬಿಟ್ಟು ಕಾಲು ಗಂಟೆ ಕಾದೆ, ಒಳಗೆ ಇಳಿಯಲೇ ಇಲ್ಲ. ಅಂಥ ಕಲ್ಲಿಗೆ ಸುಮ್ನೆ ಯಾಕೆ ದುಡ್ಡು ಹಾಕಬೇಕು?

ಕಡಪ ಕಲ್ಲಿನದು ಬೇರೆಯೇ ಕಥೆ. ಅದು ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಕಲ್ಲೇ ಕರಗುತ್ತದೆ. ನಮ್ಮ ಅಡಿಗೆಯಲ್ಲಿ ಹುಳಿ ಇಲ್ಲದ ದಿನ ಯಾವುದು? ನಿಂಬೆ, ಹುಣಸೆ, ಮಜ್ಜಿಗೆ, ಬೇಸಿಗೆಯಲ್ಲಿ ಪುನರ್ಪುಳಿ. ಅರ್ಧ ನಿಂಬೆಹಣ್ಣನ್ನು ಕವುಚಿ ಐದು ನಿಮಿಷ ಇಟ್ಟು ತೆಗೆದೆ. ಹಣ್ಣಿನಷ್ಟೇ ಅಗಲದ ಬಿಳಿಚಿದ ವೃತ್ತ! ಬೆರಳಾಡಿಸಿದರೆ ಅಲ್ಲಿ ಮಾತ್ರ ಒರಟು. ಅದೇ ನಿಂಬೆಗೆ ಗ್ರಾನೈಟ್ ಜಗ್ಗಲಿಲ್ಲ. ಕಡಪ ಕಲ್ಲಿಗೆ ಸೀಲರ್ ಹಚ್ಚಿದ ಮೇಲೂ ಇಟ್ಟು ನೋಡಿದೆ. ಬಿಳಿ ಗುರುತು ಮತ್ತೂ ಬಂತು. ಸೀಲರ್ ಕಲೆ ಒಳಗೆ ಇಳಿಯದಂತೆ ತಡೆಯುತ್ತದೆ, ಹುಳಿ ಮೇಲ್ಮೈ ತಿನ್ನುವುದನ್ನು ತಡೆಯುವುದಿಲ್ಲ. ಇಲ್ಲಿ ಅತ್ತೆಯ ತೆಂಗಿನೆಣ್ಣೆಯೇ ವಾಸಿ. ಒಂದೆರಡು ಹನಿ ಉಜ್ಜಿ ಚೆನ್ನಾಗಿ ಒರೆಸಿದರೆ ಬಿಳಿಚಿದ್ದು ಮುಚ್ಚಿಹೋಗುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಕಾಣುತ್ತದೆ, ಮತ್ತೆ ಉಜ್ಜಬೇಕು. ಹಲಸು ಹೆಚ್ಚುವುದನ್ನೂ ಆ ಕಟ್ಟೆಗೇ ಹಾಕಿದ್ದೇನೆ. ಮೇಣ ಬಿಡಿಸಲಿಕ್ಕೂ ಅದೇ ಎಣ್ಣೆ ಬೇಕಲ್ಲ.

ದಿನದ ಒರೆಸುವಿಕೆಗೆ ಎರಡೂ ಕಲ್ಲಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತಗಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ವಿನೆಗರ್ ಬೇಡ. ಆಸಿಡ್ ಅಂತೂ ಬೇಡವೇ ಬೇಡ. ಸಿಮೆಂಟ್ ಕಲೆ ತೆಗೆಯುತ್ತೇನೆ ಅಂತ ಹಿಂದೊಮ್ಮೆ ಕೆಲಸದವರೊಬ್ಬರು ಕಡಪ ಕಲ್ಲಿಗೆ ಆಸಿಡ್ ಸುರಿದರು. ಆ ಮೂಲೆ ಇವತ್ತಿಗೂ ಬೂದಿ ಬಣ್ಣ.

ಇನ್ನು ಆ ಉಂಗುರ. ಕಲೆ ತೆಗೆಯದೆ ಸೀಲರ್ ಹಚ್ಚಿದರೆ ಕಲೆ ಒಳಗೇ ಉಳಿಯುತ್ತದೆ, ಹಾಗಾಗಿ ಮೊದಲು ಅದನ್ನು ತೆಗೆಯಬೇಕಿತ್ತು. ಅಡಿಗೆ ಸೋಡಾವನ್ನು ನೀರಿನಲ್ಲಿ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟೆ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಟ್ಟೆ. ಒಣಗುವಾಗಲೇ ಅದು ಎಣ್ಣೆಯನ್ನು ಮೇಲಕ್ಕೆ ಎಳೆಯುವುದು. ಮೊದಲ ಸಲ ಅರ್ಧ ಹೋಯಿತು. ಮೂರನೆಯ ಸಲ ಕೆರೆದು ತೆಗೆದಾಗ, ದೀಪ ಹಾಕಿ ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುವಷ್ಟು ಉಳಿದಿತ್ತು. ಆಮೇಲೆ ಇಡೀ ಕಟ್ಟೆಗೆ ಸೀಲರ್ ಹಚ್ಚಿದೆ.

ಈ ಸಲ ಬಿಸು ಹಬ್ಬಕ್ಕೆ ಮೊದಲು ಮತ್ತೆ ಹನಿ ಬಿಟ್ಟು ನೋಡಿದೆ. ಒಲೆಯ ಹತ್ತಿರ ಇನ್ನೂ ಗುಂಡಗೆ ನಿಲ್ಲುತ್ತದೆ. ಸಿಂಕಿನ ಪಕ್ಕ ಹತ್ತು ನಿಮಿಷಕ್ಕೆ ಕಪ್ಪಾಯಿತು. ಮಳೆ ಹಿಡಿಯುವ ಮೊದಲು ಅಲ್ಲಿಗೆ ಮಾತ್ರ ಇನ್ನೊಂದು ಕೈ ಹಚ್ಚಬೇಕು. ಡಬ್ಬಿಯಲ್ಲಿ ಅಷ್ಟು ಉಳಿದಿದೆ.