ಮಸಾರಿ ಹೊಲಕ್ಕೆ ಹೆಸರೋ, ಅವರೆಯೋ? ನನ್ನ ಓಟು ಅವರೆಗೆ

ಕುಷ್ಟಗಿ ಕಡೆಯ ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಹೆಸರುಕಾಳು, ಅವರೆ ಎರಡನ್ನೂ ಬೆಳೆದು ನೋಡಿ ಹೇಳುತ್ತಿದ್ದೇನೆ. ಕೈಯಲ್ಲಿ ದುಡ್ಡು ಆಡಬೇಕೆಂದರೆ ಅವರೆಯೇ ವಾಸಿ. ನಾನು ಬಿತ್ತಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿ. ಅದರ ಪಕ್ಕದಲ್ಲೇ ಮುಂಗಾರಿನ ಹೆಸರು.

ಹೆಸರಿಗೆ ಇರುವ ತೊಂದರೆ ಒಂದೇ, ಆದರೆ ಅದೇ ಎಲ್ಲವನ್ನೂ ಕೆಡಿಸುತ್ತದೆ. ಜೂನ್‌ನಲ್ಲಿ ಬಿತ್ತಿದರೆ 65-70 ದಿನಕ್ಕೆ ಬರುತ್ತದೆ. ಅಂದರೆ ಸರಿಯಾಗಿ ಆಗಸ್ಟ್ ಮಳೆಯ ಬಾಯಿಗೆ. ಒಣಗಿದ ಕಾಯಿ ನೆನೆದರೆ ಕಾಳು ಕಪ್ಪಾಗುತ್ತದೆ, ಗಿಡದಲ್ಲೇ ಮೊಳಕೆ ಬರುತ್ತದೆ. ಬಿಸಿಲು ಜೋರಾದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಅದಕ್ಕೇ ಊರಿಗೆ ಊರೇ ಒಂದೇ ವಾರದಲ್ಲಿ ಬಿಡಿಸಲು ನಿಲ್ಲುತ್ತದೆ. ಆಳು ಸಿಗುವುದಿಲ್ಲ. ಸಿಕ್ಕರೂ ಕೂಲಿ ಏರಿರುತ್ತದೆ.

2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ ಇತ್ತು. ಅವರೆಗೆ ಬೆಂಬಲ ಬೆಲೆಯೇ ಇಲ್ಲ. ಇಷ್ಟೇ ನೋಡಿದರೆ ಹೆಸರು ಗೆಲ್ಲಬೇಕು, ಅಲ್ವಾ? ಆದರೆ ಮಳೆ ಹಿಡಿದ ವರ್ಷ ಖರೀದಿ ಕೇಂದ್ರಕ್ಕೆ ಒಯ್ದ ನಮ್ಮ ಕಾಳನ್ನು ತೇವ ಜಾಸ್ತಿ, ಬಣ್ಣ ಇಲ್ಲ ಎಂದು ವಾಪಸ್ ಕಳಿಸಿದರು. ತಾಡಪತ್ರಿ ಮೇಲೆ ಹರವೋಣವೆಂದರೆ ಬಿಸಿಲೇ ಇಲ್ಲ. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಕೊನೆಗೆ ದಲಾಲಿ ಅಂಗಡಿಯಲ್ಲಿ ಹೇಳಿದ ದರಕ್ಕೆ ಸುರಿದು ಬಂದೆವು. ಬೆಲೆ ಇದ್ದೂ ನಮಗೆ ದಕ್ಕಲಿಲ್ಲ.

ಅವರೆಯಲ್ಲಿ ಈ ಗಡಿಬಿಡಿ ಇಲ್ಲ. ಹಸಿ ಕಾಯಿ ಮಾರುವವರಿಗೆ ಒಂದು ಮಳೆ ಬಂದರೂ ಅಷ್ಟು ನಷ್ಟವಿಲ್ಲ. ಮೂರ್ನಾಲ್ಕು ಸಲ ಬಿಡಿಸಬಹುದು. ಮನೆಯವರೇ ಬೆಳಿಗ್ಗೆ ಬಿಡಿಸಿ ಸಂತೆಗೆ ಒಯ್ದರೆ ಕೂಲಿ ಉಳಿಯುತ್ತದೆ, ಸಂಜೆಗೆ ನಗದು ಕೈಯಲ್ಲಿ. ದರ ಬಿದ್ದರೆ ಉಳಿದ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಡುತ್ತೇನೆ, ಕಾಳು ಮಾಡಿ ಆಮೇಲೆ ಮಾರುತ್ತೇನೆ. ಯಾವಾಗ ಮಾರಬೇಕೆಂಬುದು ನನ್ನ ಕೈಯಲ್ಲಿದೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ನಾಟಿ ಅವರೆ ಯಾವಾಗ ಬಿತ್ತಿದರೂ ಹಗಲು ಗಿಡ್ಡವಾದ ಮೇಲೇ ಹೂ ಬಿಡುತ್ತದೆ. ಹಾಗಾಗಿ ಎಲ್ಲರ ಕಾಯಿಯೂ ಚಳಿಗಾಲದಲ್ಲಿ ಒಟ್ಟಿಗೆ ಬಂದು ದರ ಇಳಿಯುತ್ತದೆ. ಹೆಬ್ಬಾಳ ಅವರೆಗೆ ಆ ಹಂಗಿಲ್ಲ. ಜುಲೈನಲ್ಲಿ ಬಿತ್ತಿದರೆ ನಾಟಿ ಕಾಯಿಗಿಂತ ಮೊದಲೇ ಸಂತೆಯಲ್ಲಿರಬಹುದು. ಸಜ್ಜೆಯಲ್ಲಿ ಅಕ್ಕಡಿ, ಅಂದರೆ ನಡುನಡುವೆ ಸಾಲು ಹಾಕುವವರಿಗೆ ಮಾತ್ರ ನಾಟಿಯೇ ಸರಿ.

ಬೀಜದ ಖರ್ಚು ಅವರೆಗೆ ಜಾಸ್ತಿ. ಎಕರೆಗೆ ಸುಮಾರು 10-12 ಕೆಜಿ ಬೇಕು, ಹೆಸರಿಗೆ ಅದರ ಅರ್ಧ ಸಾಕು. ಆದರೆ ಹೆಬ್ಬಾಳ ಅವರೆ ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ಮನೆಯ ಬೀಜವೇ ಆಗುತ್ತದೆ.

ನೆಲಕ್ಕೆ ಸಾರಜನಕ ಕೊಡುವುದರಲ್ಲಿ ಎರಡೂ ಒಳ್ಳೆಯವೇ. ಮೇವಿಗೆ ಅವರೆ ಬಳ್ಳಿ ನಮ್ಮ ಎತ್ತುಗಳಿಗೆ ಬಲು ಇಷ್ಟ.

ಕಾಯಿಕೊರಕ ಹುಳು ಅವರೆಯನ್ನು ಬಿಡುವುದಿಲ್ಲ. ಹೂ ಬಿಟ್ಟಾಗಿನಿಂದ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ. ಎರಡು ದಿನಕ್ಕೊಮ್ಮೆ ಸಾಲಿನಲ್ಲಿ ಓಡಾಡಿ ಹೂ, ಮೊಗ್ಗು ನೋಡುವ ವ್ಯವಧಾನ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಇರುವವರ ಲೆಕ್ಕ ಬೇರೆ. ಹೆಸರು ಬೇಗ ಹೊಲ ಬಿಟ್ಟುಕೊಡುತ್ತದೆ, ಹಿಂಗಾರಿಗೆ ಕಡಲೆಯೋ ಬಿಳಿಜೋಳವೋ ಬಿತ್ತಬಹುದು. ಅವರು ಹೆಸರನ್ನೇ ಹಾಕಲಿ. ನಮ್ಮಂತೆ ಮಸಾರಿ, ಸಂತೆ ಹತ್ತಿರ, ಮನೆಯಲ್ಲಿ ಬಿಡಿಸುವ ಕೈಗಳಿವೆ ಎನ್ನುವವರು ಮೊದಲು ಅರ್ಧ ಎಕರೆ ಅವರೆ ಹಾಕಿ. ಅದನ್ನೂ ಹದಿನೈದು ದಿನ ಬಿಟ್ಟು ಎರಡು ಪಾಲಾಗಿ ಬಿತ್ತಿ, ಕಾಯಿ ಒಟ್ಟಿಗೆ ಬರುವುದಿಲ್ಲ.