ಮರಳಿನ ಮೇಲೆ ಬಸ್ಸು: ಕೆ'ಗರಿಗೆ ಒಂದು ದಿನದ ಟೂರ್

ಬ್ರಿಸ್ಬೇನ್‌ನಲ್ಲಿರುವ ನಮ್ಮಂಥವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಕೆ'ಗರಿಗೆ, ಅಂದರೆ 2023ರವರೆಗೆ ಫ್ರೇಸರ್ ಐಲ್ಯಾಂಡ್ ಅನ್ನಿಸಿಕೊಳ್ಳುತ್ತಿದ್ದ ದ್ವೀಪಕ್ಕೆ, ನಾವೇ ಫೋರ್ ವೀಲ್ ಡ್ರೈವ್ ಬಾಡಿಗೆಗೆ ತಗೊಂಡು ಹೋಗುವುದಾ, ಟೂರ್ ಬಸ್ ಹತ್ತುವುದಾ? ಜೊತೆಯಲ್ಲಿ ವಯಸ್ಸಾದವರಿದ್ದರೆ ಸುಮ್ನೆ ಬಸ್ ಹತ್ತಿ. ಊಟದ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾವು ಹರ್ವೀ ಬೇಯಿಂದ ಹೊರಟೆವು. ಬ್ರಿಸ್ಬೇನ್‌ನಿಂದ ಅಲ್ಲಿಗೆ ಕಾರಲ್ಲಿ ಮೂರೂವರೆ ಗಂಟೆ, ಹಾಗಾಗಿ ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು ವಾಸಿ. ಬೆಳಿಗ್ಗೆ ರಿವರ್ ಹೆಡ್ಸ್‌ನಲ್ಲಿ ಬಾರ್ಜ್ ಹತ್ತಿ ಆಚೆ ದಡ ಸೇರಿದೆವು.

ಬಸ್ ಅಂದರೆ ನಮ್ಮ ಊರಿನ ಬಸ್ಸಲ್ಲ. ಲಾರಿ ಚಾಸಿ ಮೇಲೆ ಬಸ್ಸಿನ ಬಾಡಿ ಕೂರಿಸಿದ್ದಾರೆ. ಮೊದಲ ಮೆಟ್ಟಿಲೇ ಎತ್ತರ. ಅಮ್ಮನ ಮಂಡಿ ನೋಡಿ ಡ್ರೈವರ್ ತಾನೇ ಸ್ಟೂಲ್ ತಂದಿಟ್ಟರು. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಗ್ಗಿ ಗಾಡಿಯ ಅಡಿಭಾಗ ನೋಡಿದ ಮೇಲೇ ಹತ್ತಿದರು. "ಉಪ್ಪುನೀರಲ್ಲಿ ಓಡೋ ಗಾಡಿ, ಆದ್ರೂ ತುಕ್ಕು ಕಾಣ್ತಿಲ್ಲ. ದಿನಾ ತೊಳೀತಾರೆ ಕಣಮ್ಮ" ಅಂದರು. ಅವರಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಸಿಗುವುದಿಲ್ಲ.

ಇದು ಪ್ರಪಂಚದ ಅತಿ ದೊಡ್ಡ ಮರಳಿನ ದ್ವೀಪ. ಉದ್ದ 120 ಕಿಲೋಮೀಟರ್‌ಗೂ ಜಾಸ್ತಿ. ಒಳಗಿನ ದಾರಿ ಒಂದೇ ಗಾಡಿಯ ಅಗಲ, ಪೂರ್ತಿ ಮರಳು. ಮಳೆ ಬಿದ್ದರೆ ಗಟ್ಟಿಯಾಗುತ್ತದೆ, ಒಣಗಿದರೆ ಚಕ್ರ ಹೂತುಹೋಗುತ್ತದೆ. ನಾವು ಹೋದಾಗ ಒಣಗಿತ್ತು. ಒಂದು ಏರಿನಲ್ಲಿ ಬಾಡಿಗೆ ಜೀಪೊಂದು ಸಿಕ್ಕಿಹಾಕಿಕೊಂಡಿತ್ತು. ನಾಲ್ಕು ಹುಡುಗರು ಬೆವರು ಸುರಿಸಿ ಮರಳು ತೋಡುತ್ತಿದ್ದರು. ನಮ್ಮ ಡ್ರೈವರ್ ಇಳಿದು, ಟೈರಿನ ಗಾಳಿ ಇನ್ನಷ್ಟು ಇಳಿಸಿ ಅಂತ ಹೇಳಿಕೊಟ್ಟು, ಅವರು ಹೊರಟ ಮೇಲೇ ಬಸ್ ಎತ್ತಿದರು. ಅದೇ ಏರನ್ನು ನಾವು ತಡವರಿಸದೆ ಹತ್ತಿದೆವು. ಅಪ್ಪ ಪೂರ್ತಿ ದಾರಿ ಗೇರ್ ಕಡೆಯೇ ನೋಡುತ್ತಿದ್ದರು. ಕಾಡು ನೋಡಿದರೋ ಇಲ್ಲವೋ ಗೊತ್ತಿಲ್ಲ.

ನೋಡಬೇಕಾದ ಕಾಡೇ ಅದು. ಹಿಂದೆ ಮರ ಕಡಿಯುವವರ ಬಿಡಾರವಿದ್ದ ಸೆಂಟ್ರಲ್ ಸ್ಟೇಷನ್ ಹತ್ತಿರ ಬರೀ ಮರಳಿನ ಮೇಲೆ ಮಳೆಕಾಡು ಬೆಳೆದಿದೆ. ಅಲ್ಲಿ ಹರಿಯುವ ವಾಂಗೂಲ್ಬಾ ತೊರೆ ಎಷ್ಟು ತಿಳಿ ಅಂದರೆ ನೀರಿದೆ ಅಂತ ಗೊತ್ತಾಗುವುದು ಎಲೆ ತೇಲಿದಾಗಲೇ. ಇಲ್ಲಿನ ಸ್ಯಾಟಿನೇ ಮರವನ್ನು ಸೂಯೆಜ್ ಕಾಲುವೆ ಕೆಲಸಕ್ಕೆ ಹಡಗಲ್ಲಿ ಒಯ್ದಿದ್ದರಂತೆ. ಮರ ಕಡಿಯುವುದು ನಿಂತದ್ದು 1991ರಲ್ಲಿ. ಮರುವರ್ಷವೇ ದ್ವೀಪ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಲೇಕ್ ಮೆಕೆಂಜಿಗೆ ಕೊಟ್ಟ ಸಮಯ ಮಾತ್ರ ಸಾಲದು. ದ್ವೀಪದ ಮೂಲನಿವಾಸಿಗಳಾದ ಬುಚುಲ್ಲಾ ಜನ ಇದನ್ನು ಬೂರಂಗೂರಾ ಅನ್ನುತ್ತಾರೆ. ಮಳೆ ನೀರೇ ತುಂಬಿದ ಕೆರೆ, ಹಿಟ್ಟಿನಂಥ ಬಿಳಿ ಮರಳು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಮಂಡಿವರೆಗೂ ಇಳಿದರು, ಆಮೇಲೆ ಮೇಲೆ ಬರಲು ಒಪ್ಪಲಿಲ್ಲ. ಗಂಟೆಯಾಯಿತು ಅಂತ ಕರೆದುಕೊಂಡು ಬರಬೇಕಾಯಿತು. ಸನ್‌ಸ್ಕ್ರೀನ್ ಹಚ್ಚಿಕೊಂಡು ನೀರಿಗಿಳಿಯಬೇಡಿ ಅಂತ ಡ್ರೈವರ್ ಮೊದಲೇ ಹೇಳಿದ್ದರು, ಅದು ಒಳ್ಳೆಯದಾಯಿತು.

ಮಧ್ಯಾಹ್ನ 75 ಮೈಲ್ ಬೀಚ್. ಇದು ಸರ್ಕಾರಿ ಲೆಕ್ಕದಲ್ಲಿ ಹೆದ್ದಾರಿ. ಗಂಟೆಗೆ 80 ಕಿಲೋಮೀಟರ್ ಮಿತಿ, ಪೊಲೀಸರೂ ಇರುತ್ತಾರೆ, ಸಣ್ಣ ವಿಮಾನವೂ ಇಳಿಯುತ್ತದೆ. ಭರತ ಏರಿದರೆ ರಸ್ತೆಯೇ ಇರುವುದಿಲ್ಲ, ಅದಕ್ಕೇ ಇಡೀ ಟೂರಿನ ವೇಳಾಪಟ್ಟಿ ಸಮುದ್ರದ ಕೈಯಲ್ಲಿದೆ. ಹೊಸಬರು ಎಡವುವುದು ಇಲ್ಲೇ. 1935ರಲ್ಲಿ ಚಂಡಮಾರುತಕ್ಕೆ ಸಿಕ್ಕಿ ದಡ ಸೇರಿದ ಮಹೀನೋ ಹಡಗಿನ ಮುಂದೆ ಫೋಟೋ ತೆಗೆದುಕೊಂಡೆವು. ಎಲೈ ಕ್ರೀಕ್‌ನಲ್ಲಿ ಮಕ್ಕಳು ತೇಲಿಕೊಂಡು ಬರುತ್ತಿದ್ದರು, ಗಂಟೆಗೆ 40 ಲಕ್ಷ ಲೀಟರ್‌ವರೆಗೆ ಸಿಹಿನೀರು ಸಮುದ್ರ ಸೇರುವ ತೊರೆ ಅದು. ಸಮುದ್ರದಲ್ಲಿ ಮಾತ್ರ ಈಜುವಂತಿಲ್ಲ. ಸೆಳೆತವೂ ಇದೆ, ಶಾರ್ಕ್‌ಗಳೂ ಇವೆ.

ಬೇಜಾರಾಗಿದ್ದು ಎರಡು. ವಿಮಾನದಲ್ಲಿ ಸುತ್ತಲು ಬೇರೆ ದುಡ್ಡು ಕೊಟ್ಟವರಿಗಾಗಿ ಉಳಿದವರೆಲ್ಲ ಬಿಸಿಲಲ್ಲಿ ಕಾಯಬೇಕಾಯಿತು. ಆ ಹೊತ್ತನ್ನು ಕೆರೆಗೇ ಕೊಡಬಹುದಿತ್ತು, ಅಲ್ವಾ? ಇನ್ನೊಂದು ಊಟ. ಬುಕ್ ಮಾಡುವಾಗಲೇ ಮೊಟ್ಟೆ ಕೂಡ ಬೇಡ, ಪೂರ್ತಿ ಸಸ್ಯಾಹಾರ ಅಂತ ಬರೆದಿದ್ದೆ. ಸಿಕ್ಕಿದ್ದು ಬ್ರೆಡ್, ಸೊಪ್ಪಿನ ಸಲಾಡ್, ಆಲೂಗಡ್ಡೆ ಚಿಪ್ಸ್. ಪಾಸ್ತಾದಲ್ಲಿ ಏನಿದೆ ಅಂತ ಕೇಳಿದರೆ ಬಡಿಸುವವರಿಗೇ ಗೊತ್ತಿಲ್ಲ. ಒಬ್ಬರಿಗೆ ಇನ್ನೂರು ಡಾಲರ್ ದಾಟುವ ಟಿಕೆಟ್‌ಗೆ ಇದು ಸರಿಯಲ್ಲ.

ಅಮ್ಮನ ಚಪಾತಿ, ಚಟ್ನಿಪುಡಿ ಇದ್ದದ್ದಕ್ಕೆ ಬಚಾವ್. ನೀವೂ ಕಟ್ಟಿಕೊಂಡು ಹೋಗಿ, ಆದರೆ ಬೇಲಿ ಹಾಕಿದ ಜಾಗದಲ್ಲೇ ಬಿಚ್ಚಿ. ಡಿಂಗೋಗಳು, ಅಂದರೆ ಇಲ್ಲಿನ ಕಾಡುನಾಯಿಗಳು, ವಾಸನೆ ಹಿಡಿದು ಬರುತ್ತವೆ, ಅವಕ್ಕೆ ತಿನ್ನಲು ಹಾಕಿದರೆ ದಂಡ. ಬಸ್ಸಲ್ಲಿ ಮುಂದಿನ ಸೀಟು ಕೇಳಿ ಪಡೆಯಿರಿ. ಹಿಂದೆ ಕೂತರೆ ಪ್ರತಿ ಗುಂಡಿಗೂ ತಲೆ ಚಾವಣಿಗೆ ತಾಗುವುದೊಂದು ಬಾಕಿ.