ಸರಳ ಆಸವನವೋ, ಆಂಶಿಕ ಆಸವನವೋ? ಎರಡನ್ನೂ ಮಾಡಿ ನೋಡಿದ ಮೇಲೆ

ದ್ರವವನ್ನು ಕಾಯಿಸಿ ಆವಿ ಮಾಡಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿ ಹಿಡಿಯುವುದೇ ಆಸವನ. ಅಸಿಟೋನ್ ಮತ್ತು ನೀರಿನ ಮಿಶ್ರಣವನ್ನು ಹೀಗೆ ಬೇರ್ಪಡಿಸಲು ಶಾಲೆಯ ಪ್ರಯೋಗಾಲಯದಲ್ಲಿ ಎರಡು ದಾರಿಗಳಿವೆ. ಫ್ಲಾಸ್ಕಿಗೆ ನೇರವಾಗಿ ಕಂಡೆನ್ಸರ್ (ಆವಿಯನ್ನು ತಣಿಸುವ ಕೊಳವೆ) ಜೋಡಿಸಿದರೆ ಸರಳ ಆಸವನ. ನಡುವೆ ಗಾಜಿನ ಮಣಿ ತುಂಬಿದ ಉದ್ದ ಕೊಳವೆ ನಿಲ್ಲಿಸಿದರೆ ಆಂಶಿಕ ಆಸವನ. ಒಂದೇ ಮಿಶ್ರಣವನ್ನು ಎರಡರಲ್ಲೂ ಹಾಕಿ ನೋಡಿದ್ದೇನೆ.

ಕುದಿಯುವ ಬಿಂದುಗಳ ಅಂತರ 25 ಡಿಗ್ರಿಗಿಂತ ಜಾಸ್ತಿ ಇದ್ದರೆ ಸರಳ ಆಸವನ ಸಾಕು ಅಂತ ಪುಸ್ತಕದಲ್ಲಿ ಓದುತ್ತೇವೆ. ಅಸಿಟೋನ್ 56ಕ್ಕೆ ಕುದಿಯುತ್ತದೆ, ನೀರು 100ಕ್ಕೆ. ಅಂತರ 44. ಹಾಗಾದರೆ ಸುಲಭ, ಅಲ್ವಾ? ಥರ್ಮಾಮೀಟರ್ ನೋಡುತ್ತಾ ಕೂತರೆ ಹಾಗನ್ನಿಸುವುದಿಲ್ಲ. ಸರಳ ಜೋಡಣೆಯಲ್ಲಿ ಪಾದರಸ ಒಂದು ಕಡೆ ನಿಲ್ಲಲೇ ಇಲ್ಲ. 60 ದಾಟಿತು, 70 ದಾಟಿತು, ಮೆಲ್ಲಗೆ ಏರುತ್ತಲೇ ಹೋಯಿತು. ಆ ಹೊತ್ತಿನಲ್ಲಿ ಬೀಳುವ ಹನಿಗಳಲ್ಲಿ ಎರಡೂ ಬೆರೆತಿರುತ್ತವೆ. ಬೀಕರ್ ಯಾವಾಗ ಬದಲಿಸಬೇಕು ಅನ್ನುವುದೇ ತಿಳಿಯುವುದಿಲ್ಲ.

ಕೊಳವೆ ಇಟ್ಟಾಗ ನೋಟವೇ ಬೇರೆ. ಪಾದರಸ 56ರ ಆಸುಪಾಸಿನಲ್ಲಿ ತುಂಬ ಹೊತ್ತು ನಿಂತಿತು. ಅಸಿಟೋನ್ ಮುಗಿಯುತ್ತಿದ್ದಂತೆ ಹನಿ ಬೀಳುವುದು ನಿಂತಿತು; ಪಾದರಸ ಸ್ವಲ್ಪ ಕೆಳಗಿಳಿದು, ಆಮೇಲೆ 100ರ ಕಡೆಗೆ ಜಿಗಿಯಿತು. ಬೀಕರ್ ಬದಲಿಸುವ ಹೊತ್ತು ಅದೇ. ಆವಿ ಮಣಿಗಳ ಮೇಲೆ ತಣ್ಣಗಾಗಿ ದ್ರವವಾಗುತ್ತದೆ. ಕೆಳಗಿನಿಂದ ಬರುವ ಬಿಸಿ ಆವಿ ಅದನ್ನು ಮತ್ತೆ ಆವಿಯಾಗಿಸುತ್ತದೆ. ಪ್ರತಿ ಸಲವೂ ಮೇಲೇರುವ ಆವಿಯಲ್ಲಿ ಅಸಿಟೋನ್ ಪಾಲು ಹೆಚ್ಚುತ್ತದೆ, ನೀರು ಕೆಳಗೆ ಇಳಿಯುತ್ತದೆ. ಒಂದೇ ಕೊಳವೆಯಲ್ಲಿ ಹಲವು ಆಸವನಗಳು ನಡೆದ ಹಾಗೆ. ಮಕ್ಕಳಿಗೆ ತೋರಿಸುವುದಾದರೆ ನಾನು ಇದನ್ನೇ ತೋರಿಸುತ್ತೇನೆ.

ಆದರೆ ತಾಳ್ಮೆ ಬೇಕು. ಉರಿ ಜೋರು ಮಾಡಿದರೆ ಆವಿಗೆ ಮಣಿಗಳ ಮೇಲೆ ನಿಲ್ಲಲು ಪುರುಸೊತ್ತೇ ಸಿಗದು, ಕೊಳವೆ ಇದ್ದೂ ಇಲ್ಲದಂತೆ. ಸೆಕೆಂಡಿಗೆ ಒಂದು ಹನಿಗಿಂತ ಜಾಸ್ತಿ ಬೀಳದಂತೆ ನೋಡಿಕೊಳ್ಳಿ. ಮಣಿಗಳಿಗೆ ಒಂದಿಷ್ಟು ದ್ರವ ಅಂಟಿಕೊಂಡೇ ಉಳಿಯುತ್ತದೆ. ಹಾಗಾಗಿ ಮಿಶ್ರಣ ತೀರಾ ಕಡಿಮೆ ಇದ್ದರೆ, ಅಥವಾ ಉಪ್ಪುನೀರಿನಿಂದ ನೀರು ತೆಗೆಯುವುದಷ್ಟೇ ಇದ್ದರೆ, ಸರಳ ಆಸವನವೇ ಸರಿ.

ಎರಡಕ್ಕೂ ಎಚ್ಚರಿಕೆಗಳು ಒಂದೇ: ಥರ್ಮಾಮೀಟರಿನ ಬುರುಡೆ ಆವಿ ಪಕ್ಕಕ್ಕೆ ತಿರುಗುವ ಬಾಯಿಯ ಮಟ್ಟದಲ್ಲಿರಲಿ. ಕಂಡೆನ್ಸರಿಗೆ ನೀರು ಕೆಳಗಿನಿಂದ ಹೋಗಲಿ. ದ್ರವ ಸಮವಾಗಿ ಕುದಿಯಲೆಂದು ಹಾಕುವ ಪಿಂಗಾಣಿ ಚೂರುಗಳನ್ನು ಕಾಯಿಸುವ ಮೊದಲೇ ಹಾಕಿ, ಬಿಸಿ ದ್ರವಕ್ಕೆ ಹಾಕಿದರೆ ಉಕ್ಕಿ ಚಿಮ್ಮುತ್ತದೆ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ಬರ್ನರ್ ಬೇಡವೇ ಬೇಡ, ವಿದ್ಯುತ್ ಹೀಟರ್ ಬಳಸಿ.

ಎಥನಾಲ್ ಮತ್ತು ನೀರಿನ ಮಿಶ್ರಣಕ್ಕೆ ಸರಳ ಆಸವನ ಸಾಲದು, ಅಂತರ 22 ಡಿಗ್ರಿ ಅಷ್ಟೇ. ಕೊಳವೆಗೂ ಇಲ್ಲಿ ಒಂದು ಮಿತಿ ಇದೆ. ಶುದ್ಧ ಎಥನಾಲ್ 78.4ಕ್ಕೆ ಕುದಿದರೆ, ತೂಕದಲ್ಲಿ ಸುಮಾರು 95.6 ಶೇಕಡಾ ಎಥನಾಲ್ ಇರುವ ಮಿಶ್ರಣ 78.2ಕ್ಕೇ ಕುದಿಯುತ್ತದೆ. ಅದರ ಆವಿಯಲ್ಲೂ ಅದೇ ಪ್ರಮಾಣ, ಹಾಗಾಗಿ ಕೊಳವೆ ಅದನ್ನು ಇನ್ನಷ್ಟು ಬೇರ್ಪಡಿಸಲಾರದು. ಬಿಳಿ ಕಾಪರ್ ಸಲ್ಫೇಟ್ ಪುಡಿಯ ಮೇಲೆ ಹೀಗೆ ಸಿಕ್ಕ ಎಥನಾಲಿನ ಹನಿ ಬಿಟ್ಟಾಗ ಪುಡಿ ನೀಲಿಯಾಯಿತು, ಅಂದರೆ ನೀರು ಇನ್ನೂ ಇದೆ. ಅದನ್ನು ತೆಗೆಯಲು ಸುಟ್ಟ ಸುಣ್ಣದಂತಹ ನೀರು ಹೀರುವ ವಸ್ತುವೇ ಬೇಕು.